ಉಂಡ ಮನೆಯ ಲೆಕ್ಕ

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಅದು ಕೊಡುವವನಿಗೆ ಹೇಳಿದ ಮಾತು. ಇಸಿದುಕೊಂಡವನ ಎರಡೂ ಕೈಗಳಿಗೆ ತಿಳಿದಿರಬೇಕು, ಜೊತೆಗೆ ಒಂದು ಪುಸ್ತಕದಲ್ಲಿ ಬರೆದಿಟ್ಟೂ ಇರಬೇಕು. ನಮ್ಮಲ್ಲಿ ಧರ್ಮಸಂಸ್ಥೆ ನಡೆಸುವ ಅನೇಕರು ಈ ಮಾತನ್ನು ತಮಗೇ ಹೇಳಿದ್ದೆಂದು ತಿಳಿದುಬಿಟ್ಟಿದ್ದಾರೆ. “ಇದು ದೇವರ ಕೆಲಸ ಸ್ವಾಮಿ, ಇದಕ್ಕೆಲ್ಲ ಪೈಸಾ ಪೈಸಾ ಲೆಕ್ಕ ಇಡೋಕಾಗುತ್ತಾ?” ಎಂಬ ಮಾತನ್ನು ನಾನು ಹತ್ತು ಜನರ ಬಾಯಿಂದ ಕೇಳಿದ್ದೇನೆ. ಸಾಕ್ಷಾತ್ ದೇವರ ಹುಂಡಿಯನ್ನೇ ಎಣಿಸುವಾಗಲೂ ಸುತ್ತ ನಾಲ್ಕು ಜನ ಕೂತಿರುತ್ತಾರೆ ಎಂಬುದು ಆಗ ಅವರಿಗೆ ನೆನಪಾಗುವುದಿಲ್ಲ.

ನಾನು ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು. ನಿವೃತ್ತ ಬ್ಯಾಂಕಿನವನೆಂದರೆ ಊರಿನ ಸಂಘ ಸಂಸ್ಥೆಗಳ ಪಾಲಿಗೆ ಬಿಟ್ಟಿ ಸಿಗುವ ಖಜಾಂಚಿ. ಮೊದಲು ರಾಮೋತ್ಸವ ಸಮಿತಿಯವರು ಬಂದರು, ಆಮೇಲೆ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದವರು, ಕೊನೆಗೆ ವೃದ್ಧಾಶ್ರಮದವರು. ಊರಿನ ಹೆಸರು ಬೇಡ; ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರ ಎಂದಿಟ್ಟುಕೊಳ್ಳಿ. ಇಪ್ಪತ್ತೇಳು ಜನ ಹಿರಿಯರು, ಆರು ಜನ ಕೆಲಸದವರು, ಎರಡಂತಸ್ತಿನ ಕಟ್ಟಡ, ಮುಂದೆ ಒಂದು ಹೊಂಗೆ ಮರ. ನಾನು ಈಗ ಹೇಳಹೊರಟಿರುವುದು ಆ ಮರದ ನೆರಳಿನಲ್ಲಿ ಲೆಕ್ಕದ ಪುಸ್ತಕ ಬಿಡಿಸಿಕೊಂಡು ಕೂತ ಐದಾರು ವರ್ಷಗಳ ಅನುಭವ.

ವೃದ್ಧಾಶ್ರಮ ನಮ್ಮ ನಾಡಿಗೆ ತೀರ ಹೊಸದಲ್ಲ. ಬೆಂಗಳೂರಿನಲ್ಲಿ ‘ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್’ ಎಂಬ ಕ್ರೈಸ್ತ ಸಂನ್ಯಾಸಿನಿಯರು 1900ರಷ್ಟು ಹಿಂದೆಯೇ ಇಂಥದೊಂದು ಮನೆ ತೆರೆದಿದ್ದರು. ಜಿಲ್ಲೆ, ತಾಲ್ಲೂಕು ಕೇಂದ್ರಗಳಲ್ಲಿ ಇವು ಎದ್ದುನಿಂತದ್ದು ಮಾತ್ರ ಈಚೆಗೆ, ಮಕ್ಕಳು ಬೆಂಗಳೂರು, ಅಮೆರಿಕ ಎಂದು ಹೊರಟ ಮೇಲೆ. 2011ರ ಜನಗಣತಿಯ ವೇಳೆಗೇ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚಿದ್ದರು. 2007ರ ತಂದೆ ತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯು ಜಿಲ್ಲೆಗೊಂದರಂತಾದರೂ, ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ಇಂಬಾಗುವಂಥ ಆಶ್ರಮವನ್ನು ಸರ್ಕಾರವೇ ಸ್ಥಾಪಿಸಬಹುದು ಎಂದಿತು. ‘ಸ್ಥಾಪಿಸಬಹುದು’ ಎಂಬ ಪದದಲ್ಲಿ ಎಷ್ಟು ಸಡಿಲವಿದೆ ಎಂದು ಸರ್ಕಾರಿ ಕಾಗದ ಓದಿ ಅಭ್ಯಾಸವಿದ್ದವರಿಗೆ ಗೊತ್ತು. ಹೀಗಾಗಿ ಹೊರೆ ಬಹುಪಾಲು ಬಿದ್ದಿರುವುದು ಸಂಘ, ಟ್ರಸ್ಟುಗಳ ಹೆಗಲ ಮೇಲೆ. ಅವು ನಡೆಯುವುದು ನಿಮ್ಮಂಥವರು ಕೊಟ್ಟ ಹಣದಿಂದ ಮತ್ತು ಅಲ್ಲಿರುವ ಹಿರಿಯರು ತಂದ ಹಣದಿಂದ. ಈ ಎರಡನೆಯದು ನಮಗೆ ಬೇಗ ಮರೆತುಹೋಗುತ್ತದೆ.

ನಮ್ಮ ಆಶ್ರಮ ಕಟ್ಟಿದವರನ್ನು ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ಅಕ್ಕಿ ಗಿರಣಿ ಇಟ್ಟಿದ್ದವರು. ತಾಯಿಯ ನೆನಪಿಗೆಂದು ಶುರುಮಾಡಿದರು. ಅವರು ಆಶ್ರಮದ ಒಂದು ಕಾಸು ಮುಟ್ಟಿದವರಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ. ಅವರ ಜುಬ್ಬಕ್ಕೆ ಎರಡು ಜೇಬು. ಎಡದ್ದು ಆಶ್ರಮದ್ದು, ಬಲದ್ದು ಸ್ವಂತದ್ದು ಎಂದು ತಮಾಷೆ ಮಾಡುತ್ತಿದ್ದರು. ಗ್ಯಾಸ್ ಸಿಲಿಂಡರಿನವನು ಬಂದು ನಿಂತರೆ ಕೈ ಯಾವ ಜೇಬಿಗೆ ಹೋಯಿತೋ ಆ ಜೇಬಿನಿಂದ ಹಣ. ಗಿರಣಿಯಿಂದ ಅಕ್ಕಿಯ ಮೂಟೆ ಬರುತ್ತಿತ್ತು; ಕೆಲವು ದಾನವಾಗಿ, ಕೆಲವು ಸಾಲವಾಗಿ. ಯಾವುದು ಯಾವುದೆಂದು ಬರೆದವರಿಲ್ಲ.

ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಮಾತು ನಿಂತಿತು. ಅಲ್ಲಿಗೆ ಲೆಕ್ಕವೂ ನಿಂತಿತು. ಆಶ್ರಮವೇ ಅಪ್ಪನಿಗೆ ಹತ್ತಾರು ಲಕ್ಷ ಕೊಡಬೇಕು ಎಂದು ಮಕ್ಕಳು ಹೇಳಿದರು. ಅಪ್ಪನೇ ಆಶ್ರಮಕ್ಕೆ ಕೊಡಬೇಕಾದದ್ದಿದೆ ಎಂದು ಸಮಿತಿಯ ಇಬ್ಬರು ಗೊಣಗಿದರು. ಊರು ತನಗೆ ತೋಚಿದ ಕತೆ ಕಟ್ಟಿತು. ಜೀವನವಿಡೀ ಕೊಟ್ಟ ಮನುಷ್ಯ ಮಂಚದ ಮೇಲೆ ಮಲಗಿ, ಮಾತಿಲ್ಲದೆ, ತಿಂದವನೆಂಬ ಹೆಸರು ಹೊರಬೇಕಾಯಿತು. ಲೆಕ್ಕವಿಲ್ಲದಿದ್ದರೆ ಕಳ್ಳನಿಗೆ ಅನುಕೂಲ ಎಂದು ಎಲ್ಲರೂ ಹೇಳುತ್ತಾರೆ. ಪ್ರಾಮಾಣಿಕನಿಗೆ ಅದರಿಂದ ಎಂಥ ಅನ್ಯಾಯವಾಗುತ್ತದೆ ಎಂದು ನಾನು ಕಣ್ಣಾರೆ ಕಂಡದ್ದು ಅಲ್ಲಿ.

ನಾನು ಖಜಾಂಚಿಯಾದದ್ದು ಇದಾದ ಮೇಲೆ. ಒಂದು ಸಂಜೆ ಟೀಚರಮ್ಮ ಬಂದರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಎಪ್ಪತ್ತೊಂಬತ್ತು ವಯಸ್ಸು, ಮಕ್ಕಳಿಲ್ಲ. ಹಾಸನದಲ್ಲಿರುವ ಅಣ್ಣನ ಮಗಳು ತಮ್ಮ ಮನೆಗೇ ಬಂದಿರಿ ಎಂದು ಕರೆದಿದ್ದಳಂತೆ. “ನಾನು ಇಲ್ಲಿ ಸೇರುವಾಗ ಕಟ್ಟಿದ ಒಂದು ಲಕ್ಷ ವಾಪಸ್ ಕೊಡಿಸಪ್ಪ” ಎಂದು ಪ್ಲಾಸ್ಟಿಕ್ ಕವರಿನಿಂದ ಎರಡು ರಸೀತಿ ತೆಗೆದು ಮೇಜಿನ ಮೇಲಿಟ್ಟರು. ಒಂದರಲ್ಲಿ ‘ಮರಳಿ ಕೊಡತಕ್ಕ ಠೇವಣಿ’ ಎಂದು 40 ಸಾವಿರ. ಇನ್ನೊಂದರಲ್ಲಿ ‘ಕಟ್ಟಡ ನಿಧಿಗೆ ದೇಣಿಗೆ’ ಎಂದು 60 ಸಾವಿರ. ಎರಡಕ್ಕೂ ಒಂದೇ ತಾರೀಖು.

“ಎರಡೂ ಒಂದೇ ದಿನ, ಒಂದೇ ಕೈಲಿ ಕೊಟ್ಟಿದ್ದಪ್ಪ. ಅವರು ಎರಡು ಚೀಟಿ ಹರಿದುಕೊಟ್ಟರು. ನಾನು ಒಂದೇ ಅಂದ್ಕೊಂಡೆ.”

ಪುಸ್ತಕ ತೆಗೆದು ನೋಡಿದೆ. ಇಪ್ಪತ್ತಮೂರು ಜನರ ಠೇವಣಿ. ಆ ಹಣ ಹಿರಿಯರಿಗೆ ಆಶ್ರಮ ತೀರಿಸಬೇಕಾದ ಸಾಲ. ಅಢಾವೆ ಪತ್ರಿಕೆಯಲ್ಲಿ ಜವಾಬ್ದಾರಿಯ ಕಡೆ ಬೇರೆಯಾಗಿಯೇ ತೋರಿಸಬೇಕಾದದ್ದು. ನಮ್ಮಲ್ಲಿ ಅದನ್ನು ದೇಣಿಗೆಯ ಜೊತೆ ಕಲಸಿ ‘ಮೂಲನಿಧಿ’ ಎಂದು ಬರೆದಿದ್ದರು. ಹಣವೆಲ್ಲಿ ಎಂದರೆ, ತಲೆಯ ಮೇಲೆ! ಎರಡನೆಯ ಅಂತಸ್ತಾಗಿ ನಿಂತಿತ್ತು. ಯಾರೂ ಕದ್ದಿರಲಿಲ್ಲ. ಆದರೆ ಗೋಡೆ ಒಡೆದು ಟೀಚರಮ್ಮನಿಗೆ ಒಂದು ಲಕ್ಷದ ಇಟ್ಟಿಗೆ ಕೊಟ್ಟು ಕಳಿಸುವಂತಿರಲಿಲ್ಲ. ಬ್ಯಾಂಕಿನ ಖಾತೆಯಲ್ಲಿ ಇದ್ದದ್ದು ಆ ತಿಂಗಳ ಸಂಬಳಕ್ಕೆ ಸಾಕಾಗುವಷ್ಟು.

“ಸ್ವಲ್ಪ ದಿನ ತಡೀರಿ ಅಮ್ಮ. ಬೇಕಿದ್ದರೆ ನೀವು ಹೋಗಿರಿ, ಹಣ ಆಮೇಲೆ ಕಳಿಸ್ತೀವಿ” ಎಂದೆ.

ಅವರು ರಸೀತಿಗಳನ್ನು ಮಡಿಸಿ ಕವರಿನೊಳಗಿಟ್ಟರು. “ಬರಿಗೈಲಿ ಹೋದ್ರೆ ಆ ಮನೇಲಿ ನಾನು ಹೊರೆ ಕಣಪ್ಪ. ಒಂದು ಲಕ್ಷ ಕೈಲಿ ಹಿಡಿದು ಹೋದ್ರೆ ಅತ್ತೆ.”

ವೃದ್ಧಾಶ್ರಮದ ಠೇವಣಿ ಎಂದರೇನು ಎಂದು ನನಗೆ ಯಾವ ಕಾಯ್ದೆ ಪುಸ್ತಕವೂ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ. ಅದು ಹಿರಿಯರ ಕೈಯಲ್ಲಿ ಉಳಿದ ಕೊನೆಯ ಸ್ವಾತಂತ್ರ್ಯ. ಬೇಡವೆನಿಸಿದ ದಿನ ಎದ್ದು ಹೊರಡುವ ಹಕ್ಕು ಅದರಲ್ಲಿದೆ. ಅದನ್ನು ಕಟ್ಟಡಕ್ಕೆ ಹಾಕಿದರೆ, ಎಷ್ಟೇ ಒಳ್ಳೆಯ ಉದ್ದೇಶವಿರಲಿ, ಅವರ ಕಾಲಿಗೆ ಸರಪಳಿ ಹಾಕಿದಂತೆಯೇ.

ಕಾನೂನು ಇಲ್ಲವೇ ಎಂದು ನೀವು ಕೇಳಬಹುದು. ಬೇಕಾದಷ್ಟಿದೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ಸಂಘವಾದರೆ ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ಸೇರಬೇಕು. ಪರಿಶೋಧನೆಯಾದ ಲೆಕ್ಕಪತ್ರವನ್ನೂ ಆಡಳಿತ ಮಂಡಳಿಯ ಪಟ್ಟಿಯನ್ನೂ ರಿಜಿಸ್ಟ್ರಾರರಿಗೆ ಸಲ್ಲಿಸಬೇಕು. ಆದಾಯ ತೆರಿಗೆ ವಿನಾಯಿತಿ ಪಡೆದ ಸಂಸ್ಥೆ ತನ್ನ ಆದಾಯದ ಶೇ. 85ರಷ್ಟನ್ನು ಉದ್ದೇಶಿತ ಕೆಲಸಕ್ಕೇ ಬಳಸಬೇಕೆಂಬುದು ಸಾಮಾನ್ಯ ನಿಯಮ. ಜನ ‘80ಜಿ’ ಎಂದೇ ಕರೆಯುವ ರಿಯಾಯಿತಿ 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಸಿಗದಂತೆ 2017ರಲ್ಲಿ ತಿದ್ದುಪಡಿಯಾಯಿತು. ಈ ರಿಯಾಯಿತಿಯಿರುವ ಸಂಸ್ಥೆ ಯಾರು ಎಷ್ಟು ಕೊಟ್ಟರೆಂಬ ಪಟ್ಟಿಯನ್ನು 2021-22ರಿಂದ ವರ್ಷವರ್ಷವೂ ತೆರಿಗೆ ಇಲಾಖೆಗೆ ಒಪ್ಪಿಸಬೇಕಾಗಿದೆ. ವಿದೇಶಿ ದೇಣಿಗೆಯಾದರೆ 2020ರ ತಿದ್ದುಪಡಿಯಂತೆ ದೆಹಲಿಯ ಸ್ಟೇಟ್ ಬ್ಯಾಂಕಿನ ಗೊತ್ತುಪಡಿಸಿದ ಶಾಖೆಯ ಮೂಲಕವೇ ಬರಬೇಕು. ಅದರಲ್ಲಿ ಆಡಳಿತ ವೆಚ್ಚ ಶೇ. 20 ಮೀರಬಾರದು. ಸರ್ಕಾರಿ ಅನುದಾನವಾದರೆ ಹಣ ಬಳಕೆಯ ಪ್ರಮಾಣಪತ್ರ ಬೇರೆ.

ಇವೆಲ್ಲ ಬೇಕಾದವೇ. ಆದರೆ ಈ ಲೆಕ್ಕಗಳೆಲ್ಲ ಮೇಲಕ್ಕೆ ನೋಡುತ್ತವೆ: ರಿಜಿಸ್ಟ್ರಾರರ ಕಡೆಗೆ, ಇಲಾಖೆಯ ಕಡೆಗೆ, ದೆಹಲಿಯ ಕಡೆಗೆ. ಎಲೆಯ ಮುಂದೆ ಕೂತವರ ಕಡೆಗೆ ತಿರುಗುವ ಕಾಗದ ಒಂದೂ ಇಲ್ಲ. ಆಡಿಟರು ವರ್ಷಕ್ಕೊಮ್ಮೆ ಬಂದು ಅಕ್ಕಿಯ ಬಿಲ್ಲು ಮತ್ತು ವೋಚರು ತಾಳೆಯಾಗುತ್ತದೆಯೇ ಎಂದು ನೋಡುತ್ತಾರೆ. ಆ ಅಕ್ಕಿ ಅನ್ನವಾಗಿ ತಟ್ಟೆಗೆ ಬಂತೇ ಎಂದು ಹೇಳಬಲ್ಲವರು ಉಂಡವರು ಮಾತ್ರ. ನಮ್ಮ ಬೈಲಾದಲ್ಲಿ ಸರ್ವಸದಸ್ಯರ ಸಭೆ ಎಂದರೆ ಚಂದಾ ಕಟ್ಟಿದ ಊರ ಗಣ್ಯರ ಸಭೆ. ಅದೇ ಸೂರಿನಡಿ ಮಲಗಿ ಏಳುವ ಇಪ್ಪತ್ತೇಳು ಜನರಿಗೆ ಅಲ್ಲಿ ಕುರ್ಚಿಯೇ ಇರಲಿಲ್ಲ.

ಕೊಟ್ಟರೂ ಅವರು ಕೇಳುತ್ತಿದ್ದರೇ? ಅನುಮಾನ. ಉಂಡ ಮನೆಯ ಜಂತೆ ಎಣಿಸಬಾರದು ಎಂಬ ಗಾದೆಯನ್ನು ಹಾಲಿನ ಜೊತೆ ಕುಡಿದು ಬೆಳೆದ ತಲೆಮಾರು ಅದು. ಸಾರು ನೀರಾದರೂ “ಪಾಪ, ಅವರಾದರೂ ಎಲ್ಲಿಂದ ತರ್ತಾರೆ” ಎನ್ನುವವರು. ತಮ್ಮದೇ ಹಣ, ತಮ್ಮದೇ ಪಿಂಚಣಿ ಎಂಬುದು ನೆನಪಿದ್ದರೂ ಕೇಳಲು ಸಂಕೋಚ. ಅನೇಕರಿಗೆ ಸಂಕೋಚಕ್ಕಿಂತ ಹೆಚ್ಚಾಗಿ ಭಯ. ಇಲ್ಲಿಂದ ಹೊರಡಿ ಎಂದರೆ ಎಲ್ಲಿಗೆ?

ಅವರ ಸ್ವಂತ ಹಣದ ಪಾಡೂ ಹಾಗೆಯೇ ಇತ್ತು. ಕಚೇರಿಯ ಮೇಜಿನ ಡ್ರಾಯರಿನಲ್ಲಿ ಹನ್ನೊಂದು ಜನರ ಎಟಿಎಂ ಕಾರ್ಡುಗಳು, ಪ್ರತಿ ಕಾರ್ಡಿಗೆ ಅಂಟಿಸಿದ ಚೀಟಿಯಲ್ಲಿ ಗುಪ್ತಸಂಖ್ಯೆ! ಸರ್ಕಾರಿ ನಿವೃತ್ತಿ ವೇತನ ಬರುವವರದ್ದೂ ಇತ್ತು, ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನದವರದ್ದೂ ಇತ್ತು. ಕಾಲು ನಡೆಯದವರ ಪರವಾಗಿ ಮೇಲ್ವಿಚಾರಕ ಹುಡುಗ ಹೋಗಿ ಹಣ ತೆಗೆದು ಔಷಧಿ ತರುತ್ತಿದ್ದ. ಒಳ್ಳೆಯ ಹುಡುಗ. ಆದರೆ ನಾಳೆ ಅವನ ಮೇಲೆ ಯಾರಾದರೂ ಒಂದು ಮಾತು ಹೇಳಿದರೆ, ಇಲ್ಲವೆಂದು ತೋರಿಸಲು ಅವನ ಹತ್ತಿರ ಒಂದು ಚೂರು ಕಾಗದವಿರಲಿಲ್ಲ.

ಇನ್ನು ಊಟದ ದಾನದ ಕತೆ ಕೇಳಿ. ಗೇಟಿನ ಬಳಿ ‘ಒಂದು ದಿನದ ಅನ್ನದಾನ 4,000 ರೂಪಾಯಿ’ ಎಂಬ ಫಲಕವಿತ್ತು. ಮಹಾಲಯ ಅಮಾವಾಸ್ಯೆಯ ದಿನ ಏಳು ಕುಟುಂಬಗಳು ದುಡ್ಡು ಕಟ್ಟಿದ್ದವು. ಏಳೂ ಕುಟುಂಬದವರು ಬಂದು ಸೌಟು ಹಿಡಿದು ಬಡಿಸಿ, ಫೋಟೋ ತೆಗೆಸಿಕೊಂಡು ಹೋದರು. ಹಿರಿಯರ ಹೊಟ್ಟೆ ಮಾತ್ರ ಒಂದೇ. ಸಕ್ಕರೆ ಕಾಯಿಲೆಯವರ ಎಲೆಗೆ ಅಂದು ಹೋಳಿಗೆ, ಪಾಯಸ, ಜಿಲೇಬಿ ಎಲ್ಲವೂ ಬಂದವು. ಅದೇ ಆಷಾಢದ ಒಂದು ಮಂಗಳವಾರ ನೋಡಿ, ನಾಯಿಯೂ ಗೇಟಿನ ಹತ್ತಿರ ಸುಳಿಯುವುದಿಲ್ಲ. ಏಳು ಊಟದ ಹಣ ಪಡೆದು ಒಂದು ಊಟ ಹಾಕಿದ್ದು ಮೋಸವೇ? ಮಿಕ್ಕ ಹಣ ಆಶ್ರಮಕ್ಕೇ ಹೋಯಿತಲ್ಲ ಎನ್ನಬಹುದು. ಆದರೆ ಕೊಟ್ಟವರಿಗೆ ಹಾಗೆಂದು ಹೇಳಿರಲಿಲ್ಲ, ತಪ್ಪಿರುವುದು ಅಲ್ಲಿ.

ವಸ್ತುಗಳ ದಾನವೂ ಹಾಗೆಯೇ. ಉಗ್ರಾಣದಲ್ಲಿ ನೂರಾ ಹನ್ನೆರಡು ಹೊದಿಕೆಗಳಿದ್ದವು. ಹಾಸಿಗೆ ಹಿಡಿದ ನಾಲ್ವರಿಗೆ ಬೇಕಾದ ಡೈಪರು ಒಂದೂ ಇರಲಿಲ್ಲ. ಅಡುಗೆಯವಳ ಸಂಬಳಕ್ಕೆಂದು ದಾನ ಕೊಟ್ಟವರನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಅಜ್ಜಿಯನ್ನು ಬಚ್ಚಲಿಗೆ ಕರೆದೊಯ್ಯುವ ಆಯಾಳ ಸಂಬಳವೇ ಆಶ್ರಮದ ನಿಜವಾದ ಖರ್ಚು. ಆದರೆ ಅದಕ್ಕೆ ಅಮೃತಶಿಲೆಯ ಫಲಕ ಹಾಕಿಸಲು ಬರುವುದಿಲ್ಲವಲ್ಲ.

ನಾವು ಮಾಡಿದ್ದು ದೊಡ್ಡ ಕ್ರಾಂತಿಯೇನಲ್ಲ. ಮೊದಲು ಹಣವನ್ನು ಮೂರು ಪಾಲು ಮಾಡಿದೆವು: ದಾನಿಗಳದ್ದು, ಠೇವಣಿಯದ್ದು, ಹಿರಿಯರ ಸ್ವಂತದ್ದು. ಠೇವಣಿಗೆ ಬೇರೆ ಬ್ಯಾಂಕ್ ಖಾತೆ; ಅದರಿಂದ ಹಣ ತೆಗೆಯಲು ಇಬ್ಬರ ರುಜು ಬೇಕು; ಮರುಪಾವತಿಯ ಹೊರತು ಬೇರೆ ಯಾವುದಕ್ಕೂ ಮುಟ್ಟುವಂತಿಲ್ಲ ಎಂದು ಠರಾವು. ಮೇಲಂತಸ್ತು ನುಂಗಿದ ಹಣವನ್ನು ತಿಂಗಳು ತಿಂಗಳು ಇಷ್ಟೆಂದು ತುಂಬತೊಡಗಿದೆವು. ಸೇರುವ ದಿನ ತೆಗೆದುಕೊಂಡ ‘ದೇಣಿಗೆ’ಯನ್ನೂ ಠೇವಣಿಯೆಂದೇ ಎಣಿಸಬೇಕು, ಸೇರುವ ಹೊತ್ತಿನಲ್ಲಿ ಯಾರಿಂದಲೂ ದೇಣಿಗೆ ಪಡೆಯಬಾರದು ಎಂದು ತೀರ್ಮಾನಿಸಿದೆವು. ಇಕ್ಕಟ್ಟಿನಲ್ಲಿ ಬಾಗಿಲಿಗೆ ಬಂದು ನಿಂತವರು ಕೊಡುವುದನ್ನು ದಾನವೆಂದು ಕರೆಯಲು ನಾಲಿಗೆ ಹೇಗೆ ಬರುತ್ತದೆ?

ಹಿರಿಯರಿಗೆಲ್ಲ ಒಂದೊಂದು ಚಿಕ್ಕ ಪುಸ್ತಕ ಕೊಟ್ಟೆವು, ಹಿಂದೆ ಹಾಲಿನವನ ಲೆಕ್ಕಕ್ಕೆ ಇಡುತ್ತಿದ್ದಂಥದ್ದು. ಅವರ ಹಣ ತೆಗೆದದ್ದು, ಔಷಧಿಗೆ ಕೊಟ್ಟದ್ದು, ಉಳಿದದ್ದು ಎಲ್ಲ ಅದರಲ್ಲಿ. ರುಜುವನ್ನೋ ಹೆಬ್ಬೆಟ್ಟನ್ನೋ ಆಶ್ರಮದ ನೌಕರನಲ್ಲದ ಒಬ್ಬರ ಎದುರಿಗೇ ಹಾಕಿಸಬೇಕು. ಕಾರ್ಡಿನ ಮೇಲಿನ ಚೀಟಿಗಳನ್ನು ಕಿತ್ತು ಸುಟ್ಟೆವು. ದಿನಸಿ ಬರುತ್ತಿದ್ದದ್ದು ಸಮಿತಿಯ ಸದಸ್ಯರೊಬ್ಬರ ಅಂಗಡಿಯಿಂದ. ಮೂರು ಅಂಗಡಿಗಳ ದರಪಟ್ಟಿ ತರಿಸುವುದು, ಆ ಚರ್ಚೆಯ ಹೊತ್ತಿಗೆ ಅವರು ಎದ್ದು ಹೊರಗೆ ಹೋಗುವುದು ಎಂದಾಯಿತು. ಗೇಟಿನ ಬಳಿ ಅಂಟಿಸಿದ್ದ ಕ್ಯೂಆರ್ ಕೋಡು ಮೇಲ್ವಿಚಾರಕನ ಸ್ವಂತ ಖಾತೆಯದ್ದಾಗಿತ್ತು. ತೆಗೆಸಿ ಸಂಸ್ಥೆಯ ಖಾತೆಯದ್ದನ್ನು ಹಾಕಿಸಿದೆವು. ಅನ್ನದಾನಕ್ಕೆ ಒಂದು ಕ್ಯಾಲೆಂಡರು ತೂಗುಹಾಕಿ, ದಿನ ತುಂಬಿದ್ದರೆ “ಅಂದು ಆಗಲೇ ಒಬ್ಬರು ಕೊಟ್ಟಿದ್ದಾರೆ, ನಿಮ್ಮದನ್ನು ಆಷಾಢದಲ್ಲಿ ಒಂದು ದಿನಕ್ಕೆ ಹಾಕಿಕೊಳ್ಳಲೇ?” ಎಂದು ಕೇಳತೊಡಗಿದೆವು. ಇಬ್ಬರು ಸಿಟ್ಟಾಗಿ ಹೋದರು. ಉಳಿದವರು ಒಪ್ಪಿದರು. ಒಬ್ಬರಂತೂ, ಹಾಗಾದರೆ ಅಡುಗೆಯವಳ ಸಂಬಳಕ್ಕೇ ಹಾಕಿಕೊಳ್ಳಿ ಎಂದರು!

ಎಲ್ಲಕ್ಕಿಂತ ಹೆಚ್ಚು ಪ್ರತಿರೋಧ ಬಂದದ್ದು ಒಂದು ಹಾಳೆಗೆ. ಪ್ರತಿ ತಿಂಗಳ ಐದನೆಯ ತಾರೀಖು ಹಿಂದಿನ ತಿಂಗಳ ಜಮಾ ಖರ್ಚನ್ನು ದಪ್ಪ ಅಕ್ಷರದ ಕನ್ನಡದಲ್ಲಿ ಬರೆದು ಊಟದ ಮನೆಯ ಗೋಡೆಗೆ ಅಂಟಿಸಬೇಕು ಎಂದೆ. ಬಂದದ್ದೆಷ್ಟು, ಹೋದದ್ದೆಷ್ಟು, ಠೇವಣಿ ಖಾತೆಯಲ್ಲಿ ಇರುವುದೆಷ್ಟು, ಇರಬೇಕಾದದ್ದೆಷ್ಟು, ತಲೆಗೆ ದಿನಕ್ಕೆ ಊಟದ ಖರ್ಚೆಷ್ಟು. ಐದೇ ಸಾಲು. “ನಮ್ಮ ಮೇಲೆ ಅನುಮಾನವೇ?” ಎಂದರು ಕಾರ್ಯದರ್ಶಿಗಳು. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ ಇರುತ್ತವೆ, ಇಬ್ಬರ ಹತ್ತಿರ ಇರುತ್ತವೆ, ಒಬ್ಬನೇ ತೆರೆಯಲಾರ. ನನ್ನ ಸರ್ವಿಸಿನಲ್ಲಿ ಯಾರೂ ಅದನ್ನು ಅವಮಾನವೆಂದು ತಿಳಿದದ್ದು ನೋಡಲಿಲ್ಲ, ರಾತ್ರಿ ನೆಮ್ಮದಿಯಾಗಿ ನಿದ್ದೆ ಬರುತ್ತಿತ್ತು ಎಂದೆ. ಯಾರೋ ಯಜಮಾನರ ಹೆಸರೆತ್ತಿದರು. ಅವರಿಗೂ ಇಂಥದೊಂದು ಹಾಳೆ ಇದ್ದಿದ್ದರೆ ಎಂದು ಎಲ್ಲರಿಗೂ ಅನ್ನಿಸಿರಬೇಕು. ಸಭೆ ಸುಮ್ಮನಾಯಿತು. ಹಾಳೆ ಗೋಡೆಗೇರಿತು.

ಮೊದಲ ಮೂರು ತಿಂಗಳು ಯಾರೂ ಅದರ ಮುಂದೆ ನಿಲ್ಲಲಿಲ್ಲ. ನಾಲ್ಕನೆಯ ತಿಂಗಳು ಕೆಪಿಟಿಸಿಎಲ್‌ನಲ್ಲಿ ಲೈನ್‌ಮನ್ ಆಗಿದ್ದ ಅಜ್ಜನೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. “ಸಾರ್, ಕರೆಂಟು ಬಿಲ್ಲು ಹೋದ ತಿಂಗಳಿಗಿಂತ ಎರಡು ಸಾವಿರ ಜಾಸ್ತಿ ಯಾಕೆ?” ನನಗೂ ಗೊತ್ತಿರಲಿಲ್ಲ. ಅವರೇ ಕೋಲೂರಿಕೊಂಡು ಹೋಗಿ ನೋಡಿದರು. ತೊಟ್ಟಿಯ ವಾಲ್ವು ಕೆಟ್ಟು ಮೋಟರು ದಿನವಿಡೀ ಓಡುತ್ತಿತ್ತು. ಆ ದಿನದಿಂದ ಮೀಟರು ಓದುವ ಕೆಲಸ ಅವರದ್ದಾಯಿತು. ಹಾಲಿನ ಲೆಕ್ಕವನ್ನು ಇಬ್ಬರು ಅಜ್ಜಿಯರು ವಹಿಸಿಕೊಂಡರು. ಅಕ್ಕಿ ತೂಗುವಾಗ ಒಬ್ಬರು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಈಗ ವಾರ್ಷಿಕ ಸಭೆಯಲ್ಲಿ ಹಿರಿಯರ ಪ್ರತಿನಿಧಿಗಳೆಂದು ಎರಡು ಕುರ್ಚಿ ಇವೆ. ಮತ ಹಾಕುವ ಹಕ್ಕಿಗೆ ಬೈಲಾ ತಿದ್ದಬೇಕು. ಆ ಕೆಲಸ ಇನ್ನೂ ಬಾಕಿ.

ಟೀಚರಮ್ಮನಿಗೆ ಮೊದಲ ಕಂತು 40 ಸಾವಿರ ಕೊಡಲು ನಮಗೆ ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ಅವರು ಪೆಟ್ಟಿಗೆ ಕಟ್ಟಿ ಮಂಚದ ಕೆಳಗಿಟ್ಟೇ ಕಾದರು. ಉಳಿದದ್ದನ್ನು ಮುಂದಿನ ಒಂದು ವರ್ಷದಲ್ಲಿ ಅವರ ಖಾತೆಗೆ ಹಾಕಿದೆವು. ಎಪ್ಪತ್ತೊಂಬತ್ತರ ವಯಸ್ಸಿನಲ್ಲಿ ಎಂಟು ತಿಂಗಳೆಂದರೆ ಎಷ್ಟು ಎಂದು ಯಾವ ಲೆಡ್ಜರಿನಲ್ಲೂ ಬರೆಯುವುದಕ್ಕಾಗುವುದಿಲ್ಲ.

ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಲ ಹುಟ್ಟುಹಬ್ಬಕ್ಕೋ ತಿಥಿಗೋ ಇಂಥ ಆಶ್ರಮಕ್ಕೆ ಹೋದಾಗ, ಕೈಯಲ್ಲಿ ಹೊದಿಕೆ ಹಿಡಿಯುವ ಮೊದಲು ಏನು ಬೇಕು ಎಂದು ಕೇಳಿ. ದುಡ್ಡು ಕಳಿಸುವಾಗ ಫೋನಿನಲ್ಲಿ ಸಂಸ್ಥೆಯ ಹೆಸರು ಕಾಣುತ್ತದೆಯೋ ವ್ಯಕ್ತಿಯ ಹೆಸರೋ ನೋಡಿ. ರಸೀತಿ ಪಡೆಯಿರಿ. ಹಿರಿಯರ ಠೇವಣಿ ಎಲ್ಲಿಟ್ಟಿದ್ದೀರಿ ಎಂದು ಮೆಲ್ಲಗೆ ವಿಚಾರಿಸಿ. ಹೋದ ತಿಂಗಳ ಲೆಕ್ಕ ನೋಡಬಹುದೇ ಎನ್ನಿ. ಅಲ್ಲಿ ಉಣ್ಣುವವರಿಗೆ ಹಾಗೆ ಕೇಳಲು ಇನ್ನೂ ನಾಲಿಗೆ ಏಳುವುದಿಲ್ಲ. ಕೊಡುವ ನಿಮಗಾದರೂ ಆ ದಾಕ್ಷಿಣ್ಯ ಬೇಡ. ಲೆಕ್ಕ ಸರಿಯಾಗಿಟ್ಟವರು ನಿಮ್ಮನ್ನು ಕೂರಿಸಿ, ಕಾಫಿ ಕೊಟ್ಟು, ಪುಸ್ತಕ ತೆಗೆದು ತೋರಿಸುತ್ತಾರೆ. ತೋರಿಸುವ ಆಸೆ ಅವರಿಗೇ ಇರುತ್ತದೆ, ಕೇಳುವವರು ಇರುವುದಿಲ್ಲ ಅಷ್ಟೆ.